ಜಗಾಲೊ ಕಟ್ಟಿದ ತಂಡ

ಆಟಗಾರನಾಗಿಯೂ ಕೋಚ್ ಆಗಿಯೂ ಫುಟ್‌ಬಾಲ್ ವಿಶ್ವಕಪ್ ಗೆದ್ದವರಲ್ಲಿ ಬ್ರೆಜಿಲ್‌ನ ಮಾರಿಯೊ ಜಗಾಲೊ ಮೊದಲಿಗರು. ಆದರೂ 1970ರ ಗೆಲುವಿನ ಮಾತು ಬಂದಾಗ ಅವರ ಪಾಲಿಗೆ ಬರುವ ಹೊಗಳಿಕೆ ಕಡಿಮೆ. ಪೆಲೆ, ಟೊಸ್ಟಾವೊ, ಗೆರ್ಸನ್, ಜೈರ್ಜಿನ್ಹೊ ಇದ್ದ ತಂಡವನ್ನು ಯಾರು ಬೇಕಾದರೂ ಗೆಲ್ಲಿಸಬಹುದಿತ್ತು ಎನ್ನುವವರೇ ಹೆಚ್ಚು. ಆಟಗಾರನಾಗಿ ಜಗಾಲೊ ಮೈದಾನದಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ಗಮನಿಸಿದರೆ ಈ ವಾದ ಸಡಿಲವಾಗುತ್ತದೆ.

1958ರ ಬ್ರೆಜಿಲ್ ತಂಡದ ಮೂಲ ವ್ಯೂಹ 4-2-4. ನಾಲ್ವರು ಮುನ್ಪಡೆಯಲ್ಲೇ ಇರುವುದರಿಂದ ಚೆಂಡು ಕೈತಪ್ಪಿದರೆ ಮಧ್ಯದಲ್ಲಿ ಇಬ್ಬರೇ ಉಳಿಯುತ್ತಿದ್ದರು. ಎಡ ಅಂಚಿನ ಜಗಾಲೊ ಹಿಂದಕ್ಕೆ ಓಡಿಬಂದು ಆ ಕೊರತೆ ತುಂಬುತ್ತಿದ್ದರು; ವ್ಯೂಹ ಆಟದ ನಡುವೆಯೇ 4-3-3 ಆಗುತ್ತಿತ್ತು. ಹಾಗೆಂದು ಅವರು ಬರೀ ರಕ್ಷಣೆಗೆ ನಿಂತವರಲ್ಲ. ಸ್ವೀಡನ್ ವಿರುದ್ಧ 5-2ರಿಂದ ಗೆದ್ದ ಫೈನಲ್‌ನಲ್ಲಿ ನಾಲ್ಕನೆಯ ಗೋಲು ಅವರದೇ. 1962ರಲ್ಲಿ ಚಿಲಿಯಲ್ಲೂ ಇದೇ ಕೆಲಸ ಮಾಡಿ ಎರಡನೆಯ ಬಾರಿ ಕಪ್ ಗೆದ್ದರು.

1970ರ ಮಾರ್ಚ್‌ನಲ್ಲಿ ಕೋಚ್ ಜೋವೊ ಸಲ್ಡಾನ್ಹಾ ಅವರನ್ನು ತೆಗೆದು ಜಗಾಲೊಗೆ ತಂಡ ಒಪ್ಪಿಸಲಾಯಿತು. ಅರ್ಹತಾ ಸುತ್ತಿನ ಆರೂ ಪಂದ್ಯ ಗೆದ್ದಿದ್ದ ಸಿದ್ಧ ತಂಡವಲ್ಲವೇ ಅದು ಎಂದು ಕೇಳಬಹುದು. ನಿಜ, ಅಡಿಪಾಯ ಸಲ್ಡಾನ್ಹಾ ಅವರದೇ. ಆದರೆ ಮೆಕ್ಸಿಕೊದ ವಿಶ್ವಕಪ್‌ನಲ್ಲಿ ಆಡಿದ್ದು ಬೇರೆಯೇ ತಂಡ. ಮಧ್ಯದ ಪಿಯಾಜಾ ರಕ್ಷಣಾ ಸಾಲಿಗೆ ಹೋದರು, ಅವರ ಜಾಗಕ್ಕೆ ಕ್ಲೊಡೊವಾಲ್ಡೊ ಬಂದರು. ಎಡ ಅಂಚಿನಲ್ಲಿ ಎಡು ಅವರ ಬದಲು ರಿವೆಲಿನೊ ನಿಂತರು. ಅವರಿಗೆ ಸಿಕ್ಕಿದ್ದು ಒಳಕ್ಕೆ ಸರಿದು ಮಧ್ಯವನ್ನು ಗಟ್ಟಿಮಾಡುವ ಕೆಲಸ, ಅಂದರೆ ಹಿಂದೆ ಜಗಾಲೊ ಮಾಡುತ್ತಿದ್ದ ಕೆಲಸವೇ. ಜೂನ್ 21ರಂದು ಇಟಲಿ ವಿರುದ್ಧದ ಫೈನಲ್‌ನ ಕೊನೆಯ ಗೋಲನ್ನು ನೋಡಿ. ಮುನ್ಪಡೆಯ ಟೊಸ್ಟಾವೊ ತಮ್ಮದೇ ಅರ್ಧಕ್ಕೆ ಇಳಿದು ಚೆಂಡಿಗಾಗಿ ಸೆಣಸುತ್ತಾರೆ. ಕ್ಲೊಡೊವಾಲ್ಡೊ ಒಬ್ಬರ ಹಿಂದೊಬ್ಬರಂತೆ ಇಟಲಿಯವರನ್ನು ತಪ್ಪಿಸಿ ರಿವೆಲಿನೊಗೆ ಕೊಡುತ್ತಾರೆ. ಬಲ ಅಂಚಿನ ಜೈರ್ಜಿನ್ಹೊ ಅಷ್ಟರಲ್ಲಿ ಎಡಕ್ಕೆ ಬಂದಿದ್ದಾರೆ; ಅವರ ಬೆನ್ನು ಹತ್ತಿದ ಇಟಲಿಯ ಫಕೆಟ್ಟಿ ತಮ್ಮ ಜಾಗ ಬಿಟ್ಟಿದ್ದಾರೆ. ಆ ಖಾಲಿ ಜಾಗಕ್ಕೆ ಪೆಲೆ ಚೆಂಡು ಉರುಳಿಸುತ್ತಾರೆ, ಹಿಂದಿನಿಂದ ನುಗ್ಗಿದ ಕಾರ್ಲೊಸ್ ಆಲ್ಬರ್ಟೊ ಒದೆಯುತ್ತಾರೆ. 4-1. ಪ್ರತಿಭೆಯೊಂದರಿಂದಲೇ ಇಂಥ ಗೋಲು ಹುಟ್ಟುವುದಿಲ್ಲ. ತನ್ನ ಸ್ಥಾನ ಬಿಟ್ಟು ಓಡುವುದನ್ನು ಇಡೀ ತಂಡ ಒಪ್ಪಿಕೊಂಡಿರಬೇಕು.

ಹಾಗಾದರೆ 1974ರಲ್ಲಿ ಏನಾಯಿತು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಪೆಲೆ ಇಲ್ಲದ ಜಗಾಲೊ ತಂಡ ನೆದರ್ಲೆಂಡ್ಸ್‌ಗೆ 0-2ರಿಂದ ಸೋತು ನಾಲ್ಕನೆಯ ಸ್ಥಾನಕ್ಕೆ ಕುಸಿಯಿತು. 1998ರ ಫೈನಲ್‌ನಲ್ಲಿ ಅವರ ತಂಡ ಫ್ರಾನ್ಸ್‌ಗೆ 0-3ರಿಂದ ಸೋತಿತು. ಇಲ್ಲದ ಪ್ರತಿಭೆಯನ್ನು ಸೃಷ್ಟಿಸುವ ಕೋಚ್ ಅವರಲ್ಲ ಎಂಬುದಕ್ಕೆ ಈ ಸೋಲುಗಳು ಸಾಕ್ಷಿ. ಆದರೆ ಇದ್ದ ಪ್ರತಿಭೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಹೊಂದಿಸುವುದೂ ಸಣ್ಣ ವಿದ್ಯೆಯಲ್ಲ. ತಾರೆಯರ ದಂಡೇ ಇದ್ದರೂ ಕಪ್ ಮುಟ್ಟದ ತಂಡಗಳು ಎಷ್ಟೋ ಇವೆ. 1970ರ ಶ್ರೇಯಸ್ಸಿನಲ್ಲಿ ಪೆಲೆ ಬಳಗದ ಜೊತೆ ಜಗಾಲೊಗೂ ಸಮಪಾಲು ಸಲ್ಲಬೇಕು.