ಮಕ್ಕಳಾದ್ರೂ ತಪ್ಪು, ಆಗದಿದ್ರೂ ತಪ್ಪು

ದೀಪಾವಳಿ ಪಾಡ್ಯದ ದಿನ ನಮ್ಮ ವಾರಗಿತ್ತಿ ಮಗಳು ದಾವಣಗೆರೆಯಿಂದ ಮಾಯಕೊಂಡಕ್ಕೆ ಬಂದಾಗ ರಾತ್ರಿ ಎಂಟಾಗಿತ್ತು. "ಹಬ್ಬದ ದಿನಾನೂ ಡ್ಯೂಟಿ ಏನವ್ವಾ?" ಅಂದೆ. "ಉಳಿದೋರಿಗೆಲ್ಲ ಮಕ್ಕಳು ಅದಾವಂತೆ ದೊಡ್ಡವ್ವ. 'ನಿಂಗೇನು, ಮನ್ಯಾಗೆ ಯಾರು ಅಳ್ತಾ ಕುಂತಿರ್ತಾರೆ' ಅಂತಾರೆ" ಅಂದ್ಲು. ಗಂಡ ಹೆಂಡ್ತಿ ಇಬ್ರೂ ಕೂಡಿ, ಮಕ್ಕಳು ಬ್ಯಾಡ ಅಂತ ತೀರ್ಮಾನ ಮಾಡಿದೋರು. ಉಡಿ ತುಂಬ್ತಾ "ಬರೋ ವರ್ಷ ತೊಟ್ಲು ತೂಗೋಣ" ಅನ್ನೋಕೆ ಹೊಂಟಿದ್ದೆ. ಬಾಯಿ ಮುಚ್ಕೊಂಡೆ.

ಹಿಂದೆ ಇದು ಉಲ್ಟಾ ಇತ್ತು ನೋಡ್ರಿ. ಕೊಡಗಿನ ವಿರಾಜಪೇಟೆಯಾಗೆ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮನವರ ಹೆಸರು ಕೇಳಿರಬಹುದು. ಒಂಬತ್ತು ವರ್ಷಕ್ಕೆ ತಂದೆ ತೀರ್ಕೊಂಡ್ರು, ತಾಯಿ ಹಠ ಹಿಡಿದು ಓದಿಸಿದ್ರು. 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಹೆಣ್ಣುಮಗಳು ಇವರೇ. ಸೇರೋವಾಗ, ಮದುವೆಯಾದ್ರೆ ರಾಜೀನಾಮೆ ಕೊಡ್ತೀನಿ ಅಂತ ಮುಚ್ಚಳಿಕೆ ಬರೆಸ್ಕೊಂಡ್ರು. ಗಂಡಸರಿಗೆ ಆ ಕಾಗದ ಇರ್ಲಿಲ್ಲ. ಆಮೇಲೆ 1961ರ ನಿಯಮದಾಗೆ, ಹೆಣ್ಣು ಅಧಿಕಾರಿ ಮದುವೆಗೆ ಸರ್ಕಾರದ ಅಪ್ಪಣೆ ಕೇಳ್ಬೇಕು, ಸಂಸಾರದಿಂದ ಕೆಲ್ಸ ಕೆಡುತ್ತೆ ಅನಿಸಿದ್ರೆ ಬಿಡಿಸಬಹುದು ಅಂತ ಬರೆದ್ರು.

ಮುತ್ತಮ್ಮನವರು ಮದುವೇನೇ ಆಗ್ಲಿಲ್ಲ. 1970ರಲ್ಲಿ ಹಂಗೇರಿಗೆ ರಾಯಭಾರಿಯಾದ್ರು. ಗಂಡ ಇಲ್ಲ, ಮಕ್ಕಳಿಲ್ಲ, ಜೀವಮಾನವೆಲ್ಲ ಕೆಲ್ಸಕ್ಕೇ ಕೊಟ್ಟೋರು. ಆದ್ರೂ ಮೇಲಿನ ಬಡ್ತಿ ಕೊಡ್ಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದ್ರು. ಕೇಸ್ ನಡೀತಿರುವಾಗ್ಲೇ ಸರ್ಕಾರ ಬಡ್ತಿ ಕೊಟ್ಟಿದ್ದಕ್ಕೆ 1979ರಲ್ಲಿ ಅರ್ಜಿ ಮುಗೀತು. ಆದ್ರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸುಮ್ನೆ ಬಿಡ್ಲಿಲ್ಲ. ಸಂಸಾರದ ತಾಪತ್ರಯ ಹೆಂಗಸಿಗೆ ಅಡ್ಡಿ ಆಗೋದಾದ್ರೆ ಗಂಡಸಿಗೂ ಆಗಬಹುದಲ್ಲ ಅಂದ್ರು. ಮದುವೆಗೆ ಅಪ್ಪಣೆ ಕೇಳೋ ನಿಯಮ ತೆಗೆಯೋಕೆ ಸರ್ಕಾರ ಒಪ್ಕೊಳ್ತು.

ಆಗ ಏರ್ ಇಂಡಿಯಾದಾಗೆ ಗಗನಸಖಿಯರಿಗೆ ಮೊದಲ ಬಸಿರು ನಿಂತ್ರೆ ಕೆಲ್ಸ ಹೋಗ್ತಿತ್ತು. 1981ರಲ್ಲಿ ಸುಪ್ರೀಂ ಕೋರ್ಟು ಆ ನಿಯಮ ಹೊಡೆದು ಹಾಕ್ತು. ಆದ್ರೆ ಸೇರಿದ ನಾಲ್ಕು ವರ್ಷದೊಳಗೆ ಮದುವೆ ಆಗ್ಬಾರ್ದು ಅನ್ನೋದನ್ನ ಹಂಗೇ ಉಳಿಸ್ತು.

ಅಂದ್ರೆ ಒಂದು ಕಾಲಕ್ಕೆ ಬಸಿರಾದ್ರೆ ಕೆಲ್ಸ ಇಲ್ಲ, ಈಗ ಬಸಿರಾಗದಿದ್ರೆ ಹಬ್ಬ ಇಲ್ಲ. ಎರಡರಾಗೂ ಹೆಣ್ಣಿನ ಕೆಲ್ಸ ಅಳೆಯೋದು ಹೊಟ್ಟೆ ನೋಡಿ. ಬಾಣಂತಿ ರಜೆ ಬ್ಯಾಡ ಅಂತ ನಾನು ಅನ್ನಲ್ಲ. 1961ರ ಕಾಯ್ದೆಯ 12 ವಾರದ ರಜೆ 2017ರಲ್ಲಿ 26 ವಾರ ಆಯ್ತು, ಒಳ್ಳೇದೇ ಆಯ್ತು. ಆದ್ರೆ ಕಮ್ಮಿ ಬಿದ್ದ ಜನಾನ ತುಂಬೋದು ಆಫೀಸಿನೋರ ಜವಾಬ್ದಾರಿ, ಮಕ್ಕಳಿಲ್ಲದವಳ ತಲೆಮೇಲೆ ಹಾಕೋ ಹೊರೆ ಅಲ್ಲ. ಹಬ್ಬದ ಡ್ಯೂಟಿ ಸರದಿ ಪ್ರಕಾರ ಎಲ್ಲರಿಗೂ ಬರ್ಲಿ, ಗಂಡಸರಿಗೂ.

ಆವತ್ತು ಅಕ್ಕಿ, ಕೊಬ್ಬರಿ ಬಟ್ಟಲು, ಕಣ ಇಟ್ಟು ಉಡಿ ತುಂಬಿ "ಚೆನ್ನಾಗಿರವ್ವಾ" ಅಂದೆ. ಅಷ್ಟೇ ಅಂದೆ. ಹೋಳಿಗೆ ಎರಡು ಜಾಸ್ತಿ ಉಂಡ್ಲು.