ಲೋಹನಾದದ ವಾರಸು

ಬೆಂಗಳೂರಿನ ‘ಕ್ರಿಪ್ಟಾಸ್’ ಎಂಬ ವಾದ್ಯಮೇಳದ ‘ಡೆಸಿಮೇಟರ್’ ಎಂಬ ಆಲ್ಬಮು 2024ನೆಯ ಇಸವಿಯ ಜುಲೈ ತಿಂಗಳಲ್ಲಿ ಜರ್ಮನಿಯ ಎ.ಎಫ್.ಎಮ್. ರೆಕಾರ್ಡ್ಸ್ ಸಂಸ್ಥೆಯಿಂದ ಪ್ರಕಟವಾಯಿತು. ಚಿಕ್ಕೋಡಿ ತಾಲೂಕಿನ ಕರೋಶಿಯಂಥ ಊರಿನ ತರುಣನೂ ಇಂದು ಕಬ್ಬಿನ ಹೊಲದ ಬದುವಿನ ಮೇಲೆ ಕುಳಿತು ಇಂಥ ಕೃತಿಗಳನ್ನು ಕೇಳಬಲ್ಲನು. ಮನೆಯ ಹಿರಿಯರಿಗಾದರೋ ಅದು ಗಾನವೆಂದು ತೋರುವದಿಲ್ಲ. ಕಮ್ಮಾರಸಾಲೆಯ ಗದ್ದಲವೆಂದೇ ತೋರುವದು. ಈ ಗದ್ದಲಕ್ಕೆ ಕುಲಗೋತ್ರಗಳುಂಟೇ? ಕನ್ನಡ ನಾಡಿನಲ್ಲಿ ಇದಕ್ಕೆ ವಾರಸುಂಟೇ? ಬೈದು ಬಿಡುವದಕ್ಕಿಂತ ಈ ಪ್ರಶ್ನೆಗಳನ್ನು ವಿಚಾರಿಸಿ ನೋಡುವದು ಮೇಲು.

ಪಾಶ್ಚಾತ್ಯರು ಈ ಸಂಗೀತವನ್ನು ‘ಹೆವಿ ಮೆಟಲ್’, ಎಂದರೆ ಭಾರವಾದ ಲೋಹ, ಎಂದು ಕರೆಯುವರು. ಅದರ ಶಾಖೆಗಳು ಹಲವು. ಅವುಗಳಲ್ಲಿ ‘ಇಂಡಸ್ಟ್ರಿಯಲ್’ ಮತ್ತು ‘ಗಾಥಿಕ್’ ಎಂಬೆರಡು ಕೂಡಿಯೂ ಬರುವವು, ಬೇರೆಯಾಗಿಯೂ ಬರುವವು. ಗಾಥರೆಂಬವರು ಕ್ರಿ. ಶ. 410ರಲ್ಲಿ ರೋಮ್ ನಗರವನ್ನು ಕೊಳ್ಳೆಹೊಡೆದ ಜನಾಂಗದವರು. ಮುಂದೆ 16ನೆಯ ಶತಮಾನದ ಇಟಲಿಯ ವಿದ್ವಾಂಸರು ಮಧ್ಯಯುಗದ ಚೂಪುಕಮಾನಿನ ಇಗರ್ಜಿಗಳನ್ನು ಅನಾಗರಿಕ ಕಟ್ಟಡಗಳೆಂದು ಹಳಿಯುವದಕ್ಕೆ ಅದೇ ಹೆಸರನ್ನು ಬಳಸಿದರು. 1765ರಲ್ಲಿ ಹೊರೇಸ್ ವಾಲ್ಪೋಲನೆಂಬ ಆಂಗ್ಲ ಲೇಖಕನು ಹಳೆಯ ದುರ್ಗದೊಳಗಿನ ಭಯದ ಕಥೆಯೊಂದರ ಎರಡನೆಯ ಮುದ್ರಣಕ್ಕೆ ‘ಗಾಥಿಕ್ ಕಥೆ’ ಎಂಬ ಉಪನಾಮವನ್ನು ಕೊಟ್ಟನು. ಅಲ್ಲಿಂದ ಈ ಶಬ್ದಕ್ಕೆ ಕತ್ತಲೆ, ಮೃತ್ಯು, ಭೀತಿಗಳ ಅರ್ಥವು ಅಂಟಿಕೊಂಡಿತು. 1991ರಲ್ಲಿ ಇಂಗ್ಲಂಡದ ‘ಪ್ಯಾರಡೈಸ್ ಲಾಸ್ಟ್’ ಮೇಳದವರು ತಮ್ಮ ಆಲ್ಬಮಿಗೇ ‘ಗಾಥಿಕ್’ ಎಂದು ಹೆಸರಿಟ್ಟರು. ‘ಇಂಡಸ್ಟ್ರಿಯಲ್’ ಎಂಬುದರ ಮೂಲವು 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಎಂಬ ಸಂಸ್ಥೆಯ ಹೆಸರು. 1980ರಲ್ಲಿ ಬರ್ಲಿನ್ನಿನಲ್ಲಿ ಕೂಡಿಕೊಂಡ ಒಂದು ಮೇಳದವರು ಗುಜರಿಯ ತಗಡು, ಕಬ್ಬಿಣದ ಸಲಾಕೆ, ರಂಧ್ರ ಕೊರೆಯುವ ಯಂತ್ರ ಇವುಗಳನ್ನೇ ವಾದ್ಯಗಳನ್ನಾಗಿ ಮಾಡಿಕೊಂಡರು.

ಮೂಲವಾದ ಲೋಹಸಂಗೀತವಾದರೂ ಕಾರ್ಖಾನೆಯ ಕೂಸೇ ಅಹುದು. ಇಂಗ್ಲಂಡದ ಬರ್ಮಿಂಗ್ಯಾಮ್ ನಗರವು ಕಬ್ಬಿಣದ ಕೈಗಾರಿಕೆಗೆ ಹೆಸರಾದುದು. ಅಲ್ಲಿಯ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಟೋನಿ ಅಯೋಮಿ ಎಂಬ ಹದಿನೇಳು ವರುಷದ ಹುಡುಗನ ಬಲಗೈಯ ಎರಡು ಬೆರಳುಗಳ ತುದಿಗಳು ಯಂತ್ರಕ್ಕೆ ಸಿಕ್ಕು ಕಡಿದುಹೋದವು. ಅವನು ಎಡಚನಾದುದರಿಂದ ಗಿಟಾರಿನ ತಂತಿಗಳನ್ನು ಒತ್ತಬೇಕಾದ ಬೆರಳುಗಳೇ ಅವು. ಅವನು ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆಗಳನ್ನು ಮಾಡಿಕೊಂಡನು. ನೋವು ಕಡಿಮೆಯಾಗಲೆಂದು ಹಗುರವಾದ ತಂತಿಗಳನ್ನು ಕಟ್ಟಿದನು. ಮುಂದೆ ಅವುಗಳ ಶ್ರುತಿಯನ್ನೂ ಇಳಿಸಿದನು. ಆ ಇಳಿದ ಶ್ರುತಿಯ ಗಾಂಭೀರ್ಯವೇ ಮುಂದೆ ಈ ಸಂಗೀತದ ಲಕ್ಷಣವಾಯಿತು. ಅವನ ‘ಬ್ಲ್ಯಾಕ್ ಸ್ಯಾಬತ್’ ಮೇಳದ ಮೊದಲನೆಯ ಆಲ್ಬಮು 1970ನೆಯ ಫೆಬ್ರುವರಿ 13ರಂದು ಹೊರಬಿದ್ದಿತು.

ಅದರ ಮೊದಲನೆಯ ಗೀತವು ಷಡ್ಜದಿಂದ ತೀವ್ರ ಮಧ್ಯಮಕ್ಕೆ ಜಿಗಿಯುವ ಸ್ವರಸಂಚಾರದ ಮೇಲೆ ನಿಂತಿದೆ. ಈ ಅಂತರವನ್ನು ಯುರೋಪಿನ ಶಾಸ್ತ್ರಜ್ಞರು ಹಿಂದೆ ‘ಸಂಗೀತದೊಳಗಣ ಪಿಶಾಚ’ವೆಂದು ಕರೆದರು. ಆದರೆ ನಮ್ಮಲ್ಲಿ ಅದೇ ತೀವ್ರ ಮಧ್ಯಮವು ಯಮನ್ ರಾಗದ ಜೀವವಾಗಿ ಸಂಜೆಯ ದೀಪದ ಹೊತ್ತಿಗೆ ಶಾಂತಿಯನ್ನು ಕೊಡುವದು. ಭಯವು ಸ್ವರದಲ್ಲಿ ಹುಟ್ಟುವದಿಲ್ಲ. ಅದನ್ನು ಪ್ರಯೋಗಿಸುವ ರೀತಿಯಲ್ಲಿ ಹುಟ್ಟುವದೆಂಬುದು ಇದರಿಂದ ಸ್ಪಷ್ಟವಾಗುವದು.

ಬೆಂಗಳೂರಿನಲ್ಲಿಯೂ ಕಾರ್ಖಾನೆಗಳಿಗೆ ಕೊರತೆಯಿರಲಿಲ್ಲ. 1940ರಲ್ಲಿ ವಿಮಾನದ ಕಾರ್ಖಾನೆಯೂ 1953ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆಯೂ ಅಲ್ಲಿ ಸ್ಥಾಪಿತವಾದವು. ಆದರೂ ಲೋಹಸಂಗೀತವು ಅಲ್ಲಿಗೆ ಕಾರ್ಖಾನೆಯ ಬಾಗಿಲಿನಿಂದ ಬರಲಿಲ್ಲ. ಕ್ಯಾಸೆಟ್ಟಿನ ಡಬ್ಬಿಯಲ್ಲಿ ಬಂದಿತು. 1980ರ ದಶಕದ ಕೊನೆಗೆ ‘ಮಿಲೇನಿಯಮ್’ ಎಂಬ ಮೇಳವು ಅಲ್ಲಿ ತಲೆಯೆತ್ತಿತು. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಎಂಬಿಬ್ಬರು ‘ಕ್ರಿಪ್ಟಾಸ್’ ಮೇಳವನ್ನು ಸ್ಥಾಪಿಸಿದರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ‘ಗುಪ್ತವಾದದ್ದು’ ಎಂದರ್ಥ. 2004ರಲ್ಲಿ ಅವರ ಮೊದಲನೆಯ ಆಲ್ಬಮು ಬಂದಿತು. 2013ರಲ್ಲಿ ಅವರು ಜರ್ಮನಿಯ ವಾಕನ್ ಎಂಬ ಹಳ್ಳಿಯ ಜಗತ್ಪ್ರಸಿದ್ಧ ಲೋಹಸಂಗೀತೋತ್ಸವದಲ್ಲಿ ನುಡಿಸಿದರು. ಅಷ್ಟರೊಳಗಾಗಿ ಇಂಗ್ಲಂಡದ ‘ಐರನ್ ಮೇಡನ್’ 2007ರ ಮಾರ್ಚಿನಲ್ಲಿಯೂ, ಅಮೇರಿಕೆಯ ‘ಮೆಟಾಲಿಕಾ’ 2011ರ ಅಕ್ಟೋಬರದಲ್ಲಿಯೂ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಅಪಾರ ಜನಸಂದಣಿಯ ಮುಂದೆ ನುಡಿಸಿ ಹೋಗಿದ್ದವು. ಈ ಸಂಗೀತವು ಭಾರತದಲ್ಲಿ ಗಟ್ಟಿಯಾಗಿ ಬೇರೂರಿದ ನಗರಗಳಲ್ಲಿ ಬೆಂಗಳೂರು ಒಂದಾಗಿದೆ.

ಇದು ನಮ್ಮ ಸಂಸ್ಕೃತಿಗೆ ಕೇವಲ ಪರಕೀಯವಾದುದೆಂದು ಹೇಳುವವರುಂಟು. ಆದರೆ ಭರತಮುನಿಯು ಎಂಟು ರಸಗಳನ್ನು ಹೇಳುವಾಗ ಶೃಂಗಾರವನ್ನು ಮಾತ್ರ ಹೇಳಿ ಸುಮ್ಮನಾಗಲಿಲ್ಲ. ರೌದ್ರ, ಭಯಾನಕ, ಬೀಭತ್ಸಗಳಿಗೂ ಪಂಕ್ತಿಯಲ್ಲಿ ಎಲೆ ಹಾಕಿಸಿದನು. ಬೀಭತ್ಸ-ಭಯಾನಕಗಳಿಗೆ ಧೈವತವು ತಕ್ಕ ಸ್ವರವೆಂದು ವಿಧಿಸಿದನು. ತತ, ಅವನದ್ಧ, ಸುಷಿರಗಳೊಡನೆ ಲೋಹದ ತಾಳಗಳಿಗೆ ‘ಘನವಾದ್ಯ’ವೆಂಬ ಪ್ರತ್ಯೇಕ ವರ್ಗವನ್ನೇ ಕಲ್ಪಿಸಿದನು. ಶಾಸ್ತ್ರದ ಮಾತು ಹಾಗಿರಲಿ. ಲೋಕದ ರೂಢಿಯನ್ನು ನೋಡಬೇಕು. ಕೃಷ್ಣಾತೀರದ ಯಡೂರು ಚಿಕ್ಕೋಡಿ ತಾಲೂಕಿನಲ್ಲಿಯೇ ಇರುವ ವೀರಭದ್ರನ ಪ್ರಸಿದ್ಧ ಕ್ಷೇತ್ರವು. ಆ ದೇವರ ಪುರವಂತರು ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಬಾಳ-ತಾಳಗಳ ಅಬ್ಬರದ ನಡುವೆ ದಕ್ಷಯಜ್ಞಧ್ವಂಸದ ಒಡಪುಗಳನ್ನು ಗರ್ಜಿಸುತ್ತ, ಗಲ್ಲಕ್ಕೆ ಶಸ್ತ್ರವನ್ನು ಚುಚ್ಚಿಕೊಂಡು ಕುಣಿಯುವದನ್ನು ಕಂಡವರಿಗೆ, ಬೆಂಗಳೂರಿನ ತರುಣನ ಗರ್ಜನೆಯು ಅಷ್ಟೊಂದು ಹೊಸದೆಂದು ಹೇಗೆ ತೋರೀತು? ಭೇದವಿಷ್ಟೇ: ಪುರವಂತನ ರೌದ್ರದ ಹಿಂದೆ ದೇವರಿದ್ದಾನೆ, ಊರಿದೆ, ಮುಖ್ಯವಾಗಿ ಊರಿಗೆ ತಿಳಿಯುವ ಕನ್ನಡವಿದೆ.

ಇಲ್ಲಿಯೇ ಮರ್ಮವಿರುವದು. ಬೆಂಗಳೂರಿನಲ್ಲಿ ‘ಬೇವರ್ ಸೀ’ ಎಂಬ ಮತ್ತೊಂದು ಮೇಳವುಂಟು. 2012ರಲ್ಲಿಯೂ 2015ರಲ್ಲಿಯೂ ಅದರ ಆಲ್ಬಮುಗಳು ಬಂದಿವೆ. ಹೆಸರು ಇಂಗ್ಲಿಷಿನಂತೆ ಕಂಡರೂ ಅದು ಕನ್ನಡದ ಗ್ರಾಮ್ಯವಾದ ಬೈಗುಳಿನ ಶ್ಲೇಷೆಯು. ಆ ಬೈಗುಳಾದರೂ ಪಾರಸಿಯಿಂದ ಬಂದುದು: ‘ಬೇ’ ಎಂದರೆ ಇಲ್ಲದ, ‘ವಾರಸ’ ಎಂದರೆ ಉತ್ತರಾಧಿಕಾರಿ. ವಾರಸುದಾರರಿಲ್ಲದವನೆಂಬುದೇ ಅದರ ಮೂಲಾರ್ಥ. ತಾವಿಟ್ಟುಕೊಂಡ ಹೆಸರಿನಲ್ಲಿ ಆ ತರುಣರು ಎಷ್ಟು ದೊಡ್ಡ ಸತ್ಯವನ್ನು ನುಡಿದಿದ್ದಾರೆಂಬುದು ಚಿಂತನೀಯವಾಗಿದೆ. ಈ ಮೇಳಗಳ ಹಾಡುಗಳು ಬಹುತರವಾಗಿ ಇಂಗ್ಲಿಷಿನಲ್ಲಿವೆ. ವಿದೇಶದ ಕೇಳುಗರನ್ನು ಮುಟ್ಟುವದಕ್ಕೆ ಅದು ಸುಲಭದ ಹಾದಿಯೆಂಬುದು ನಿಜವೇ. ಆದರೆ ಜರ್ಮನಿಯ ‘ರಾಮ್‌ಸ್ಟೈನ್’ ಮೇಳದ ಉದಾಹರಣೆಯು ಬೇರೆಯೇ ಪಾಠವನ್ನು ಹೇಳುವದು. 1994ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಈ ಇಂಡಸ್ಟ್ರಿಯಲ್ ಮೆಟಲ್ ಮೇಳವು ಪ್ರಾಯಶಃ ತನ್ನ ತಾಯ್ನುಡಿಯಾದ ಜರ್ಮನ್ ಭಾಷೆಯಲ್ಲಿಯೇ ಹಾಡುವದು. ಆ ಭಾಷೆಯ ಒಂದಕ್ಷರವನ್ನರಿಯದ ದೇಶಗಳಲ್ಲಿಯೂ ಸಾವಿರಾರು ಜನರು ಅದರೊಡನೆ ದನಿಗೂಡಿಸುವರು. ನಮ್ಮಲ್ಲಿಯೂ, ಲೋಹಸಂಗೀತದಲ್ಲಿ ಅಲ್ಲವಾದರೂ, ರಘು ದೀಕ್ಷಿತರು 2008ರ ತಮ್ಮ ಆಲ್ಬಮಿನಲ್ಲಿ ಶಿಶುನಾಳ ಶರೀಫ ಸಾಹೇಬರ ತತ್ತ್ವಪದವನ್ನು ಗಿಟಾರು-ಡ್ರಮ್ಮುಗಳೊಡನೆ ಹಾಡಿ ಪರದೇಶದ ವೇದಿಕೆಗಳಲ್ಲಿಯೂ ಮನ್ನಣೆ ಪಡೆದರು. 1889ರಲ್ಲಿ ತೀರಿಕೊಂಡ ಶರೀಫರು ವಿದ್ಯುತ್ತಿನ ಗಿಟಾರನ್ನು ಕಂಡವರಲ್ಲ; ಅವರ ಮಾತು ಮಾತ್ರ ಅದರ ಭಾರವನ್ನು ತಾಳಿಕೊಂಡಿತು.

ಆದುದರಿಂದ ಲೋಹನಾದಕ್ಕೆ ಕನ್ನಡ ನಾಡಿನಲ್ಲಿ ವಾರಸಿಲ್ಲವೆಂಬುದು ಸರಿಯಲ್ಲ. ರಸಶಾಸ್ತ್ರದಲ್ಲಿ ಅದಕ್ಕೆ ಸ್ಥಾನವಿದೆ. ವೀರಭದ್ರನ ಜಾತ್ರೆಯಲ್ಲಿ ಅದಕ್ಕೆ ಹಿರಿಯರಿದ್ದಾರೆ. ಆದರೆ ವಾರಸೆಂಬುದು ತಾನಾಗಿ ಬಂದು ಕೈಸೇರುವ ವಸ್ತುವಲ್ಲ. ಹೊಲದ ಹಕ್ಕಿನಂತೆ ಅದನ್ನು ಕೇಳಿ ಹೆಸರು ಹಚ್ಚಿಸಿಕೊಳ್ಳಬೇಕಾಗುವದು. ಕೇಳಬೇಕಾದವರು ಆ ತರುಣರು. ಅವರು ಕೇಳಿ ಬಂದ ದಿವಸ ಕದವನ್ನು ತೆರೆಯಬೇಕಾದವರು, ಇಂದು ಅದನ್ನು ಬರಿಯ ಗದ್ದಲವೆನ್ನುವ ಮನೆಯ ಹಿರಿಯರು. ಪುರವಂತನ ಒಡಪನ್ನು ಕೈಮುಗಿದು ಕೇಳಿದ ಕಿವಿಗಳಿಗೆ ಇದು ಅಸಾಧ್ಯವಾದ ಮಾತೇನೂ ಅಲ್ಲ.