ನಕ್ಷತ್ರ ಗೆರೆಯಾಗದಿರಲು: ಜಮಖಂಡಿಯ ಒಂದು ಗ್ರಹಣ

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು ಅರ್ಧ ಗಂಟೆ ಷಟರ್ ತೆರೆದಿಟ್ಟರೆ, ಚಿತ್ರದಲ್ಲಿ ನಕ್ಷತ್ರಗಳು ಚುಕ್ಕೆಗಳಾಗದೆ ಗೆರೆಗಳಾಗುವುದನ್ನು ನೀವು ನೋಡಿರಬಹುದು. ಇದಕ್ಕೆ ಕಾರಣ ಭೂಮಿಯ ಆವರ್ತನೆ. 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು. ಅಂದರೆ ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ.

ಇದಕ್ಕೆ ಪರಿಹಾರ ಛಾಯಾಗ್ರಹಣಕ್ಕಿಂತಲೂ ಹಳೆಯದು. ದೂರದರ್ಶಕದ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿಟ್ಟು, ಗಡಿಯಾರದ ಯಂತ್ರದಿಂದ ನಿಧಾನವಾಗಿ ತಿರುಗಿಸುವುದು. ಫ್ರೌನ್‌ಹೋಫರ್ 1824ರಲ್ಲಿ ಡೋರ್ಪಾಟ್ ವೀಕ್ಷಣಾಲಯಕ್ಕೆ ಒದಗಿಸಿದ ದೂರದರ್ಶಕ ಹೀಗೆಯೇ ತಿರುಗುತ್ತಿತ್ತು. 1850ರಲ್ಲಿ ಹಾರ್ವರ್ಡಿನಲ್ಲಿ ಅಭಿಜಿತ್ ನಕ್ಷತ್ರದ ಛಾಯಾಚಿತ್ರ ತೆಗೆದದ್ದೂ ಇಂಥ ಸಾಧನದಿಂದಲೇ.

ನಮ್ಮ ಜಮಖಂಡಿಗೂ ಈ ಚರಿತ್ರೆಗೂ ನಂಟಿದೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ನೋಡಲು, ಲಂಡನ್ನಿನ ರಾಯಲ್ ಸೊಸೈಟಿಯ ಸಲಕರಣೆಗಳೊಡನೆ ಲೆಫ್ಟಿನೆಂಟ್ ಜಾನ್ ಹರ್ಷಲ್ ಇಲ್ಲಿಗೆ ಬಂದರು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷಲ್ ಅವರ ಮೊಮ್ಮಗ ಇವರು. ರೋಹಿತದರ್ಶಕದ ಕಿರಿದಾದ ಸೀಳನ್ನು ಸೂರ್ಯನ ಅಂಚಿನ ಜ್ವಾಲೆಯ ಮೇಲೆ ನಿಲ್ಲಿಸಬೇಕಿತ್ತು. ಆಕಾಶವೋ ಒಂದು ನಿಮಿಷದಲ್ಲಿ ಸೂರ್ಯಬಿಂಬದ ಅರ್ಧದಷ್ಟು ಸರಿಯುತ್ತದೆ! ಸಾಲದೆಂಬಂತೆ ಮೋಡಗಳ ಕಾಟ. ಸಿಕ್ಕ ಕೆಲವೇ ಕ್ಷಣಗಳಲ್ಲಿ ಅವರು ಕೆಂಪು, ಕಿತ್ತಳೆ, ನೀಲಿ ರೇಖೆಗಳನ್ನು ಕಂಡರು. ಜ್ವಾಲೆಗಳು ಕಾದ ಅನಿಲ ಎಂಬುದು ಖಚಿತವಾಯಿತು. ಕಿತ್ತಳೆ ರೇಖೆ ಸೋಡಿಯಮ್ಮಿನದೆಂದು ಅವರು ಭಾವಿಸಿದರು. ಅದು ಸೋಡಿಯಂ ರೇಖೆಯ ಪಕ್ಕದ್ದೆಂದು, ಹೀಲಿಯಮ್ಮಿನದೆಂದು ತಿಳಿದದ್ದು ಆಮೇಲೆ. 1895ರಲ್ಲಿ ರಾಮ್ಸೆ ಆ ಧಾತುವನ್ನು ಭೂಮಿಯ ಮೇಲೆಯೇ ಪತ್ತೆಮಾಡಿದರು.

ಅದೇ ತತ್ತ್ವವನ್ನು ನಿಮ್ಮ ಶಾಲೆಯಲ್ಲೂ ಪ್ರಯೋಗಿಸಬಹುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಅಕ್ಷಾಂಶ 16ರಿಂದ 16.5 ಡಿಗ್ರಿಯ ನಡುವೆ. ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ಎರಡು ಹಲಗೆಗಳನ್ನು ಕೀಲಿನಿಂದ ಜೋಡಿಸಿ, ಕೀಲಿನ ಅಕ್ಷವನ್ನು ಧ್ರುವದ ಕಡೆಗೆ ತಿರುಗಿಸಿಡಿ. ಕೀಲಿನಿಂದ 229 ಮಿಲಿಮೀಟರ್ ದೂರದಲ್ಲಿ, ಒಂದು ಸುತ್ತಿಗೆ ಒಂದು ಮಿಲಿಮೀಟರ್ ಸರಿಯುವ ಬೋಲ್ಟ್ ಹಾಕಿ. ಮೇಲಿನ ಹಲಗೆಯಲ್ಲಿ ಕ್ಯಾಮೆರಾ ಇಟ್ಟು, ನಿಮಿಷಕ್ಕೊಂದು ಸುತ್ತಿನಂತೆ ಬೋಲ್ಟನ್ನು ತಿರುಗಿಸಿದರೆ ಕ್ಯಾಮೆರಾ ಆಕಾಶದ ವೇಗದಲ್ಲೇ ಸಾಗುತ್ತದೆ. ಈ 229 ಎಲ್ಲಿಂದ ಬಂತು? ಒಂದು ಸುತ್ತಿನ 1436 ನಿಮಿಷಗಳನ್ನು 2π ಯಿಂದ ಭಾಗಿಸಿ ನೋಡಿ.

ಸಲಕರಣೆ ಇಲ್ಲವೇ? 500ನ್ನು ಮಸೂರದ ಸಂಗಮದೂರದಿಂದ ಭಾಗಿಸಿ. 35 ಮಿಲಿಮೀಟರ್ ಫಿಲ್ಮಿನಷ್ಟೇ ಗಾತ್ರದ ಸಂವೇದಕಕ್ಕೆ, 50 ಮಿಲಿಮೀಟರ್ ಮಸೂರವಾದರೆ ಗರಿಷ್ಠ 10 ಸೆಕೆಂಡು. ಸಂವೇದಕ ಚಿಕ್ಕದಾದರೆ ಇನ್ನೂ ಕಡಿಮೆ. ಸ್ಟ್ಯಾಂಡಿನ ಮೇಲೆ ನಿಂತ ಕ್ಯಾಮೆರಾಕ್ಕೆ ಭೂಮಿ ಕೊಡುವ ಬಿಡುವು ಇಷ್ಟೇ.